ಇನ್ನೊಬ್ಬರ ಸ್ನಾಯು ಹಿಗ್ಗಿಸುವಾಗ ಎಲ್ಲಿ ನಿಲ್ಲಬೇಕು

ಮಲಗಿದವರ ಕಾಲನ್ನೋ ತೋಳನ್ನೋ ಇನ್ನೊಬ್ಬರು ಹಿಡಿದು, ಅದು ತಾನಾಗಿ ಹೋಗುವಷ್ಟಕ್ಕಿಂತ ತುಸು ಮುಂದಕ್ಕೆ ಒಯ್ದು, ಅಲ್ಲಿ ಕೆಲಹೊತ್ತು ನಿಲ್ಲಿಸುವುದಕ್ಕೆ ಅಸಿಸ್ಟೆಡ್ ಸ್ಟ್ರೆಚಿಂಗ್ ಎಂದು ಹೆಸರು. ಮಾಲೀಸು ಮಾಡುವವರು ಇದನ್ನು ಕೊನೆಯ ಹತ್ತು ನಿಮಿಷದಲ್ಲಿ ಮಾಡುತ್ತಾರೆ, ಫಿಸಿಯೋಥೆರಪಿಸ್ಟ್‌ಗಳು ಚಿಕಿತ್ಸೆಯ ಭಾಗವಾಗಿ ಮಾಡುತ್ತಾರೆ, ತರಬೇತುದಾರರು ಮೈದಾನದ ಅಂಚಿನಲ್ಲಿ ಆಟಗಾರರನ್ನು ಮಲಗಿಸಿ ಮಾಡುತ್ತಾರೆ, ಲಕ್ವ ಹೊಡೆದ ತಂದೆಯ ಬಿಗಿದ ಬೆರಳುಗಳನ್ನು ಮನೆಯಲ್ಲಿ ಮಗಳು ಬಿಡಿಸುತ್ತಾಳೆ. ಈ ಸಭೆಯಲ್ಲಿ ನಾಲ್ಕೂ ಬಗೆಯವರು ಇದ್ದೀರಿ ಎಂದು ಸಂಘಟಕರು ಹೇಳಿದ್ದಾರೆ. ಆದ್ದರಿಂದ ಯಾವುದೋ ಒಂದು ಪದ್ಧತಿಯ ಹಂತಗಳನ್ನು ಒಪ್ಪಿಸುವ ಬದಲು, ನಾಲ್ವರಿಗೂ ಸೇರಿದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು? ಮಲಗಿರುವವರು ಎಂಬುದು ನನ್ನ ಉತ್ತರ. ಇದು ಸೌಜನ್ಯಕ್ಕೆ ಹೇಳುವ ಮಾತಲ್ಲ. ಹಿಗ್ಗಿಸುವಾಗ ದೇಹದಲ್ಲಿ ನಿಜವಾಗಿ ಏನಾಗುತ್ತದೆ ಎಂಬ ಬಗ್ಗೆ ಕಳೆದ ನಾಲ್ಕೈದು ದಶಕಗಳಲ್ಲಿ ತಿಳಿದುಬಂದದ್ದೂ ಇದನ್ನೇ ಹೇಳುತ್ತದೆ, ನಮ್ಮ ಕೈಯಿಂದ ಆಗುವ ಅನಾಹುತಗಳೂ ಇದನ್ನೇ ಹೇಳುತ್ತವೆ.

ಮೊದಲು ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ತೊಡೆಯ ಹಿಂಬದಿಯ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಇಲ್ಲಿರುವ ಮುಕ್ಕಾಲು ಜನರಿಗೆ ಬಿಗಿಯಾಗಿರುತ್ತದೆ. ವ್ಯಕ್ತಿ ಅಂಗಾತ ಮಲಗಲಿ. ಒಂದು ಕಾಲು ನೆಲದ ಮೇಲೆ ನೇರವಾಗಿ ಚಾಚಿರಲಿ. ಇನ್ನೊಂದು ಕಾಲನ್ನು ನೀವು ಎತ್ತುತ್ತೀರಿ, ಒಂದು ಕೈ ಹಿಮ್ಮಡಿಯ ಕೆಳಗೆ, ಇನ್ನೊಂದು ಕೈ ಮಂಡಿಚಿಪ್ಪಿಗಿಂತ ತುಸು ಮೇಲೆ, ತೊಡೆಯ ಮುಂಭಾಗದಲ್ಲಿ. ಮಂಡಿಚಿಪ್ಪಿನ ಮೇಲೆಯೇ ಅಂಗೈ ಒತ್ತಬಾರದು. ಹಾಗೆ ಒತ್ತಿದರೆ ನೋವಾಗುತ್ತದೆ, ನೋವಾದರೆ ಅವರು ಇಡೀ ಕಾಲನ್ನು ಬಿಗಿಹಿಡಿಯುತ್ತಾರೆ. ಮಂಡಿಯನ್ನು ನೇರವಾಗಿ ಇಟ್ಟುಕೊಂಡು ನಿಧಾನವಾಗಿ ಎತ್ತುತ್ತಾ ಹೋದಂತೆ ಒಂದು ಕಡೆ ನಿಮ್ಮ ಕೈಗೆ ಮೊದಲ ಪ್ರತಿರೋಧ ಸಿಗುತ್ತದೆ. ಅಲ್ಲಿಯವರೆಗೆ ಕಾಲಿಗೆ ಅದರ ತೂಕವಷ್ಟೇ ಇತ್ತು, ಈಗ ಒಳಗಿನಿಂದ ಯಾರೋ ಹಿಡಿದಂತೆ ಆಗುತ್ತದೆ. ಅಲ್ಲೇ ನಿಲ್ಲಬೇಕು. ಹೊಸದಾಗಿ ಕಲಿಯುವವರು ಇಲ್ಲಿಯೇ ತಪ್ಪುತ್ತಾರೆ. ಅವರ ಕಣ್ಣು ಕಾಲಿನ ಕೋನದ ಮೇಲಿರುತ್ತದೆ, ತೊಂಬತ್ತು ಡಿಗ್ರಿ ಮುಟ್ಟಿಸಬೇಕೆಂಬ ಹಟ ಅವರಿಗೆ. ಅಷ್ಟರಲ್ಲಿ ಮಲಗಿದವರ ಸೊಂಟ ನೆಲದಿಂದ ಎದ್ದಿರುತ್ತದೆ, ಕೆಳಗಿನ ಕಾಲಿನ ಮಂಡಿ ಮಡಚಿಕೊಂಡಿರುತ್ತದೆ, ಉಸಿರು ನಿಂತಿರುತ್ತದೆ. ಕೋನ ಹೆಚ್ಚಾದದ್ದು ಸೊಂಟ ತಿರುಗಿದ್ದರಿಂದಲೇ ಹೊರತು ಸ್ನಾಯು ಹಿಗ್ಗಿದ್ದರಿಂದಲ್ಲ.

ಪ್ರತಿರೋಧ ಸಿಕ್ಕ ಜಾಗದಲ್ಲಿ ನಿಂತು ಒಂದು ಪ್ರಶ್ನೆ ಕೇಳಿ: ಎಲ್ಲಿ ಎಳೆಯುತ್ತಿದೆ? ತೊಡೆಯ ಹಿಂಭಾಗದ ನಡುವೆ ಅಗಲವಾಗಿ ಎಳೆದಂತೆ ಇದೆ ಎಂದರೆ ಸರಿ. ಮಂಡಿಯ ಹಿಂದೆ ಗೆರೆ ಎಳೆದಂತೆ ಚುರುಗುಟ್ಟುತ್ತಿದೆ, ಮೀನಖಂಡದಿಂದ ಪಾದದವರೆಗೆ ಜುಮ್ಮೆನ್ನುತ್ತಿದೆ ಎಂದರೆ ಅದು ಸ್ನಾಯುವಿನ ಮಾತಲ್ಲ, ಸಯಾಟಿಕ್ ನರದ್ದು. ಅನುಮಾನವಿದ್ದರೆ ಕಾಲನ್ನು ಅಲ್ಲೇ ಇಟ್ಟುಕೊಂಡು ಪಾದವನ್ನು ಮಾತ್ರ ಅವರ ಮುಖದ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ತೊಡೆಯ ಹಿಂಭಾಗದ ಸ್ನಾಯು ಪಾದದವರೆಗೆ ಹೋಗುವುದೇ ಇಲ್ಲ, ಮಂಡಿಯ ಕೆಳಗೆ ಮುಗಿದುಬಿಡುತ್ತದೆ. ಹೀಗಿರುವಾಗ ಪಾದ ಬಾಗಿಸಿದ ಕೂಡಲೇ ತೊಡೆ ಅಥವಾ ಸೊಂಟದ ನೋವು ಹೆಚ್ಚಾದರೆ, ಎಳೆತಕ್ಕೆ ಸಿಕ್ಕಿರುವುದು ಸೊಂಟದಿಂದ ಪಾದದವರೆಗೆ ಹರಿಯುವ ನರವೇ ಎಂದು ಅನುಮಾನಿಸಬೇಕು. ಸೊಂಟದ ಡಿಸ್ಕ್ ಜಾರಿದವರಲ್ಲಿ ವೈದ್ಯರು ಕಾಲೆತ್ತಿ ನೋಡುವ ಪರೀಕ್ಷೆಯ ತರ್ಕವೂ ಇದೇ. ನರವನ್ನು ಸ್ನಾಯುವಿನಂತೆ ಎಳೆದು ಹಿಡಿದರೆ ಅದು ಸಡಿಲವಾಗುವುದಿಲ್ಲ, ಕೆರಳುತ್ತದೆ. ‘ನನಗೆ ಹ್ಯಾಮ್‌ಸ್ಟ್ರಿಂಗ್ ಬಿಗಿ, ಎಷ್ಟು ಎಳೆದರೂ ಸಡಿಲವಾಗುವುದಿಲ್ಲ’ ಎಂದು ತಿಂಗಳುಗಟ್ಟಲೆ ಎಳೆಸಿಕೊಂಡು ಬರುವವರಲ್ಲಿ ಕೆಲವರ ತೊಂದರೆ ಸ್ನಾಯುವಿನಲ್ಲಿ ಇರುವುದೇ ಇಲ್ಲ.

ಸ್ನಾಯುವಿನದೇ ಎಳೆತ ಎಂದು ಖಚಿತವಾದ ಮೇಲೆ ಮುಂದಿನ ಹೆಜ್ಜೆ. ಅವರಿಗೆ ಹೀಗೆ ಹೇಳಿ: ‘ಹಿಮ್ಮಡಿಯಿಂದ ನನ್ನ ಕೈಯನ್ನು ಕೆಳಕ್ಕೆ ಒತ್ತಿ, ನಿಮ್ಮ ಪೂರ್ತಿ ಬಲ ಬೇಡ, ಕಾಲುಭಾಗ ಸಾಕು.’ ನೀವು ಕಾಲು ಅಲುಗದಂತೆ ಹಿಡಿದಿರಬೇಕು. ಐದಾರು ಸೆಕೆಂಡು ಕಳೆದ ಮೇಲೆ ಅವರು ಉಸಿರು ಬಿಡುತ್ತಾ ಒತ್ತುವುದನ್ನು ನಿಲ್ಲಿಸಲಿ. ಆಗ ನೀವು ತಳ್ಳುವುದು ಬೇಡ. ಕಾಲನ್ನು ಇನ್ನಷ್ಟು ಮೇಲಕ್ಕೆ ಅವರೇ ತಮ್ಮ ತೊಡೆಯ ಮುಂಭಾಗದ ಸ್ನಾಯುವಿನಿಂದ ಎತ್ತಿಕೊಳ್ಳಲಿ, ನಿಮ್ಮ ಕೈ ಹಿಂಬಾಲಿಸಲಿ. ಹೊಸ ಜಾಗದಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ನಿಲ್ಲಿ. ಇದನ್ನೇ ಎರಡು ಮೂರು ಸಲ ಮಾಡಿದರೆ ಸಾಕು. ಹೀಗೆ ಮಾಡಿದಾಗ ಕಾಲು ಮೊದಲಿಗಿಂತ ಹತ್ತು ಹದಿನೈದು ಡಿಗ್ರಿ ಮೇಲೆ ಹೋಗುವುದನ್ನು ನೋಡಿ ಮಲಗಿದವರು ಬೆರಗಾಗುವುದುಂಟು. ಕಾಲುಭಾಗ ಬಲ ಸಾಕು ಎಂದು ನಾನು ಅಂದಾಜಿನಿಂದ ಹೇಳುತ್ತಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗರಿಷ್ಠ ಬಲದ ಶೇ. 20, ಶೇ. 60 ಮತ್ತು ಶೇ. 100ರಷ್ಟು ಒತ್ತಿದ ಮೂರು ಗುಂಪುಗಳನ್ನು ಹೋಲಿಸಿದಾಗ ಮೂರರಲ್ಲೂ ಬಾಗುವಿಕೆ ಒಂದೇ ಪ್ರಮಾಣದಲ್ಲಿ ಹೆಚ್ಚಿತ್ತು. ಪೂರ್ತಿ ಬಲ ಹಾಕಿಸುವುದರಿಂದ ಸಹಾಯಕರ ಬೆನ್ನು ನೋಯುವುದು ಬಿಟ್ಟರೆ ಬೇರೆ ಲಾಭವಿಲ್ಲ. ಹಾಗೆಯೇ ಮೂವತ್ತು ಸೆಕೆಂಡಿನ ಲೆಕ್ಕವೂ ಎಲ್ಲಿಂದಲೋ ಬಂದದ್ದಲ್ಲ. ಹ್ಯಾಮ್‌ಸ್ಟ್ರಿಂಗ್‌ಗೆ 15, 30, 60 ಸೆಕೆಂಡುಗಳ ಹಿಡಿತವನ್ನು ಆರು ವಾರ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮತ್ತು 60ರ ನಡುವೆ ವ್ಯತ್ಯಾಸ ಕಾಣಲಿಲ್ಲ.

ಈಗ ಹೇಳಿದ ಒತ್ತು-ಬಿಡು ಪದ್ಧತಿಗೆ ಪಿಎನ್‌ಎಫ್ ಸ್ಟ್ರೆಚಿಂಗ್ ಎಂಬ ಹೆಸರು ಜಿಮ್‌ಗಳಲ್ಲಿ ಓಡಾಡುತ್ತಿದೆ. ಪ್ರೊಪ್ರಿಯೊಸೆಪ್ಟಿವ್ ನ್ಯೂರೋಮಸ್ಕ್ಯುಲರ್ ಫೆಸಿಲಿಟೇಶನ್ ಎಂಬುದರ ಮೊಟಕು ರೂಪ ಅದು. ಇದರ ಹುಟ್ಟಿನ ಕಥೆ ಸ್ವಲ್ಪ ತಿಳಿದಿರುವುದು ಒಳ್ಳೆಯದು, ಏಕೆಂದರೆ ಇದು ಮೈ ಬಾಗಿಸಲೆಂದು ಹುಟ್ಟಿದ ವಿದ್ಯೆಯೇ ಅಲ್ಲ. 1940ರ ದಶಕದ ಅಮೆರಿಕದಲ್ಲಿ ಹರ್ಮನ್ ಕಬಾಟ್ ಎಂಬ ವೈದ್ಯ, ನರವಿಜ್ಞಾನಿ, ಪೋಲಿಯೊ ಮತ್ತು ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರ ದುರ್ಬಲಗೊಂಡ ಸ್ನಾಯುಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆಂದು ಹುಡುಕುತ್ತಿದ್ದರು. ಹಡಗು ಕಟ್ಟುವ ಉದ್ಯಮಿ ಹೆನ್ರಿ ಕೈಸರ್ ಅವರ ಮಗನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ಆ ನಂಟಿನಿಂದ ಕಬಾಟ್-ಕೈಸರ್ ಸಂಸ್ಥೆ ಹುಟ್ಟಿತು, ಕ್ಯಾಲಿಫೋರ್ನಿಯಾದ ವಲೇಹೊದಲ್ಲಿ ಅದರ ಕೇಂದ್ರ ಬೆಳೆಯಿತು. ಅಲ್ಲಿ ಮಾರ್ಗರೆಟ್ ನಾಟ್, ಆಮೇಲೆ ಡೊರೊತಿ ವಾಸ್ ಎಂಬ ಫಿಸಿಕಲ್ ಥೆರಪಿಸ್ಟ್‌ಗಳು ಕಬಾಟ್ ಅವರ ವಿಚಾರವನ್ನು ಕೈಗೆ ಸಿಗುವ ವಿದ್ಯೆಯನ್ನಾಗಿ ರೂಪಿಸಿದರು. ಅವರಿಬ್ಬರ ಪಠ್ಯ 1956ರಲ್ಲಿ ಬಂತು. ಅವರ ಮುಖ್ಯ ಕೆಲಸ ಕೈಕಾಲುಗಳನ್ನು ಓರೆಯಾಗಿ, ತಿರುಚುತ್ತಾ ಚಲಿಸುವಂತೆ ಮಾಡಿಸಿ, ಥೆರಪಿಸ್ಟ್‌ನ ಕೈಯ ಪ್ರತಿರೋಧದಿಂದ ಸ್ನಾಯುವನ್ನು ಎಚ್ಚರಿಸುವುದಾಗಿತ್ತು. ಆಮೇಲಿನ ದಶಕಗಳಲ್ಲಿ ಕ್ರೀಡಾಲೋಕ ಆ ಇಡೀ ವಿದ್ಯೆಯಿಂದ ಒಂದು ತುಂಡನ್ನು ಕತ್ತರಿಸಿಕೊಂಡು ಅದಕ್ಕೆ ಮೂಲದ ಹೆಸರನ್ನೇ ಉಳಿಸಿತು. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಒಂದು ಸಂಗತಿ ಮರೆತುಹೋಯಿತು. ಮೂಲದಲ್ಲಿ ದುಡಿಯುತ್ತಿದ್ದವನು ರೋಗಿ, ಥೆರಪಿಸ್ಟ್ ಅವನ ದುಡಿಮೆಗೆ ಎದುರು ನಿಂತವಳು ಮಾತ್ರ.

ಇನ್ನು, ಒತ್ತಿ ಬಿಟ್ಟರೆ ಸ್ನಾಯು ಏಕೆ ಸಡಿಲಗೊಳ್ಳುತ್ತದೆ? ತರಬೇತಿ ಶಿಬಿರಗಳಲ್ಲಿ ಇಂದಿಗೂ ಹೇಳುವ ಉತ್ತರ ಎರಡು. ಸ್ನಾಯು ಬಲವಾಗಿ ಸಂಕುಚಿಸಿದಾಗ ಅದನ್ನು ಮೂಳೆಗೆ ಜೋಡಿಸುವ ರಜ್ಜುವಿನಲ್ಲಿದ್ದು ಎಳೆತವನ್ನು ಗ್ರಹಿಸುವ ಗಾಲ್ಜಿ ಅಂಗಗಳು ಬೆನ್ನುಹುರಿಗೆ ಸುದ್ದಿ ಕಳಿಸಿ ಅದೇ ಸ್ನಾಯುವನ್ನು ತಣ್ಣಗಾಗಿಸುತ್ತವೆ ಎಂಬುದು ಒಂದು. ಎದುರು ಬದಿಯ ಸ್ನಾಯು ದುಡಿದಾಗ ಈ ಬದಿಯ ಸ್ನಾಯು ತಾನಾಗಿ ಬಿಡುತ್ತದೆ ಎಂಬುದು ಇನ್ನೊಂದು. ಎರಡನೆಯದರ ಬೇರು ಚಾರ್ಲ್ಸ್ ಶೆರಿಂಗ್ಟನ್ ಅವರ ಪ್ರಯೋಗಗಳಲ್ಲಿದೆ. ನರಕೋಶಗಳ ಕಾರ್ಯದ ಬಗೆಗಿನ ಕೆಲಸಕ್ಕಾಗಿ ಅವರಿಗೆ ಎಡ್ಗರ್ ಏಡ್ರಿಯನ್ ಅವರೊಂದಿಗೆ 1932ರ ನೊಬೆಲ್ ದೊರೆಯಿತು. ಪ್ರತಿವರ್ತನೆಗಳು ನಿಜ, ಶೆರಿಂಗ್ಟನ್ ನಿಜ. ಆದರೆ ನಮ್ಮ ಮಂಚದ ಮೇಲೆ ನಡೆಯುವುದಕ್ಕೆ ಅವೇ ಕಾರಣ ಎಂಬುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1980ರಲ್ಲಿ ಮೂರ್ ಮತ್ತು ಹಟ್ಟನ್ ಎಂಬ ಸಂಶೋಧಕರು ಹಿಗ್ಗುತ್ತಿರುವ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಸಿದ್ಧಾಂತದ ಪ್ರಕಾರ ಒತ್ತು-ಬಿಡು ವಿಧಾನದಲ್ಲಿ ಅದು ಅತಿ ಕಡಿಮೆ ಇರಬೇಕಿತ್ತು. ಆದರೆ ಎದುರು ಸ್ನಾಯುವನ್ನೂ ದುಡಿಸುವ ವಿಧಾನದಲ್ಲಿ ಚಟುವಟಿಕೆ ಹೆಚ್ಚೇ ಇತ್ತು, ಬಾಗುವಿಕೆಯೂ ಹೆಚ್ಚಾಗಿತ್ತು. ಸಂಕೋಚನದ ನಂತರದ ತಡೆ ಇದ್ದರೂ ಅದು ಕ್ಷಣಮಾತ್ರದ್ದು ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ನಾವು ಹಿಡಿದು ನಿಲ್ಲುವುದೋ ಅರ್ಧ ನಿಮಿಷ.

ಹಾಗಾದರೆ ಏನು ಬದಲಾಯಿತು? 2010ರಲ್ಲಿ ವೆಪ್ಲರ್ ಮತ್ತು ಮ್ಯಾಗ್ನುಸನ್ ಅಲ್ಲಿಯವರೆಗಿನ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿ ಬರೆದ ವಿಮರ್ಶೆ ನಮ್ಮ ಕ್ಷೇತ್ರದಲ್ಲಿ ಬಹಳ ಚರ್ಚೆಗೆ ಬಂತು. ಅವರ ವಾದದ ತಿರುಳು ಇಷ್ಟು: ಕೆಲವು ವಾರ ಹಿಗ್ಗಿಸಿದ ಮೇಲೆ ಕಾಲು ಹೆಚ್ಚು ದೂರ ಹೋಗುತ್ತದೆ, ಆದರೆ ಅದೇ ಎಳೆತದ ಬಲಕ್ಕೆ ಸ್ನಾಯು ಮೊದಲಿಗಿಂತ ಉದ್ದವಾಗಿ ಹಿಗ್ಗುವುದು ಬಹುತೇಕ ಕಾಣುವುದಿಲ್ಲ. ಬದಲಾಗುವುದು ಎಳೆತವನ್ನು ವ್ಯಕ್ತಿ ಎಲ್ಲಿಯವರೆಗೆ ತಾಳಿಕೊಳ್ಳುತ್ತಾನೆ, ಎಲ್ಲಿ ‘ಸಾಕು’ ಎನ್ನುತ್ತಾನೆ ಎಂಬ ಗಡಿ. ಇದನ್ನು ಎಲ್ಲರೂ ಪೂರ್ತಿ ಒಪ್ಪಿದ್ದಾರೆಂದು ನಾನು ಹೇಳುವುದಿಲ್ಲ. ದೀರ್ಘಕಾಲ, ದಿನಕ್ಕೆ ಬಹಳ ಹೊತ್ತು ಹಿಗ್ಗಿಸಿದಾಗ ಅಂಗಾಂಶದ ಬಿಗಿತವೂ ಸ್ವಲ್ಪ ಇಳಿಯುತ್ತದೆ ಎಂಬ ವಾದವೂ ಇದೆ. ಆದರೆ ವಾರಕ್ಕೆರಡು ಸಲ ನಿಮ್ಮ ಮಂಚಕ್ಕೆ ಬರುವವರಲ್ಲಿ ಆಗುವ ಬದಲಾವಣೆಯ ದೊಡ್ಡ ಪಾಲು ನರವ್ಯವಸ್ಥೆ ಕೊಡುವ ಅನುಮತಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಿದ್ದ ಮೇಲೆ ಬಲದಿಂದ ಗೆಲ್ಲುವಂಥದ್ದು ಅಲ್ಲಿ ಏನೂ ಇಲ್ಲ. ಭಯವಿಲ್ಲದ ಜಾಗದಲ್ಲಿ, ತನ್ನ ಹಿಡಿತ ತನ್ನಲ್ಲಿಯೇ ಇದೆ ಎಂದು ತಿಳಿದಾಗ ದೇಹ ಗಡಿಯನ್ನು ಮುಂದಕ್ಕೆ ಸರಿಸುತ್ತದೆ. ಹಲ್ಲು ಕಚ್ಚಿ ನೋವು ತಡೆದುಕೊಂಡಾಗ ಸರಿಸುವುದಿಲ್ಲ.

ಈ ತಿಳಿವಳಿಕೆ ಇದ್ದರೆ ನಾವು ಕೊಡುವ ಭರವಸೆಗಳೂ ಹದಕ್ಕೆ ಬರುತ್ತವೆ. ವ್ಯಾಯಾಮದ ಮರುದಿನದ ಮೈನೋವನ್ನು ಸ್ಟ್ರೆಚಿಂಗ್ ತಪ್ಪಿಸುತ್ತದೆಯೇ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಪರಿಶೀಲಿಸಿದಾಗ, 100 ಅಂಕಗಳ ಅಳತೆಯಲ್ಲಿ ಸಿಕ್ಕ ಲಾಭ ಒಂದರಿಂದ ನಾಲ್ಕು ಅಂಕ. ಇದ್ದೂ ಇಲ್ಲದಂತೆ. ಓಟಕ್ಕೆ, ಜಿಗಿತಕ್ಕೆ ಇಳಿಯುವ ಮುನ್ನ ದೀರ್ಘವಾಗಿ ಹಿಗ್ಗಿಸಿದರೆ ಬಲ ತಾತ್ಕಾಲಿಕವಾಗಿ ಕುಗ್ಗುತ್ತದೆ. ಬೆಹ್ಮ್ ಮತ್ತು ಸಂಗಡಿಗರ 2016ರ ವಿಮರ್ಶೆಯಲ್ಲಿ, ಹಿಗ್ಗಿಸಿದ ಕೂಡಲೇ ಅಳೆದಾಗ ಆ ಕುಸಿತ ಒಂದೇ ಕಡೆ ಹಿಡಿದು ನಿಲ್ಲುವ ಸ್ಥಿರ ವಿಧಾನಕ್ಕೆ ಸರಾಸರಿ ಶೇ. 3.7, ಪಿಎನ್‌ಎಫ್‌ಗೆ ಶೇ. 4.4. ಚಲಿಸುತ್ತಾ ಹಿಗ್ಗಿಸಿದರೆ ಮಾತ್ರ ಶೇ. 1.3ರಷ್ಟು ಏರಿಕೆ. ಮೈದಾನದ ಅಂಚಿನಲ್ಲಿ ಆಟಗಾರರ ಕಾಲನ್ನು ಭುಜದ ಮೇಲೆ ಹೊತ್ತು ನಿಲ್ಲುವ ತರಬೇತುದಾರರು ಆ ಕೆಲಸವನ್ನು ಆಟ ಮುಗಿದ ಮೇಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಕಹಿಯಾದ ಸತ್ಯ ಲಕ್ವ, ಬೆನ್ನುಹುರಿಯ ಗಾಯ, ಮೆದುಳಿನ ಗಾಯದಿಂದ ಕೀಲುಗಳು ಮಡಚಿಕೊಂಡವರದ್ದು. ಅವರಿಗೆ ದಿನವೂ ಕೈಕಾಲು ಹಿಗ್ಗಿಸುವುದನ್ನು ನಾವು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದೇವೆ. 2017ರ ಕಾಕ್ರೇನ್ ವಿಮರ್ಶೆ ನಲವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲವು ತಿಂಗಳ ಅವಧಿಯಲ್ಲಿ ಕೀಲಿನ ಚಲನೆಗೆ ಸಿಕ್ಕಿದ್ದು ಒಂದೆರಡು ಡಿಗ್ರಿ ಮಾತ್ರ. ಇದನ್ನು ಕೇಳಿ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಕೈ ಬಿಡಿಸಿದರೆ ಅಂಗೈ ತೊಳೆಯಬಹುದು, ಉಗುರು ಕತ್ತರಿಸಬಹುದು, ಅಂಗಿ ತೊಡಿಸಬಹುದು. ಇವು ಸಣ್ಣ ಲಾಭಗಳಲ್ಲ. ಆದರೆ ಹೆಚ್ಚು ಬಲ ಹಾಕಿದರೆ ಹೆಚ್ಚು ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಬಿಡಲೇಬೇಕು. ಅಂಗಾಂಶದ ಆಕಾರವನ್ನೇ ನಿಜವಾಗಿ ಬದಲಿಸಬೇಕಾದರೆ ಏನು ಬೇಕು ಎಂಬುದಕ್ಕೆ ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ ಮಕ್ಕಳ ಚಿಕಿತ್ಸೆ ನೋಡಿ. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ, ಈಗ ನಮ್ಮ ಆಸ್ಪತ್ರೆಗಳಲ್ಲೂ ನಡೆಯುವ ಆ ವಿಧಾನದಲ್ಲಿ ಪುಟ್ಟ ಪಾದವನ್ನು ಮೆಲ್ಲಗೆ ತಿದ್ದಿ, ಬಂದಷ್ಟಕ್ಕೇ ಪ್ಲಾಸ್ಟರ್ ಹಾಕಿ, ವಾರದ ಮೇಲೆ ಬಿಚ್ಚಿ, ಮತ್ತಷ್ಟು ತಿದ್ದಿ ಇನ್ನೊಂದು ಪ್ಲಾಸ್ಟರ್ ಹಾಕುತ್ತಾರೆ. ಹೀಗೆ ಸಾಮಾನ್ಯವಾಗಿ ಐದಾರು ಸಲ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ರಜ್ಜುವನ್ನು ಸಣ್ಣದಾಗಿ ಕತ್ತರಿಸಬೇಕಾಗುತ್ತದೆ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ವಿಶೇಷ ಬೂಟು. ಅಲ್ಲಿ ಬಲವಿಲ್ಲ, ಕಾಲಾವಧಿ ಇದೆ. ನವಜಾತ ಶಿಶುವಿನ ಮೆತ್ತನೆಯ ಅಂಗಾಂಶಕ್ಕೇ ಇಷ್ಟು ಕಾಲ ಬೇಕಾದರೆ, ಐವತ್ತು ವರ್ಷದ ಭುಜಕ್ಕೆ ಮೂರು ನಿಮಿಷದಲ್ಲಿ ಏನು ಮಾಡಬಲ್ಲೆವು?

ಮಾಲೀಸಿನವರ ಕಡೆಗೆ ಸ್ವಲ್ಪ ಬರುತ್ತೇನೆ. ಮಾಲೀಸು ಮತ್ತು ಹಿಗ್ಗಿಸುವಿಕೆಯನ್ನು ಒಂದೇ ವಿದ್ಯೆಯಾಗಿ ಹೆಣೆದವರಲ್ಲಿ ಥಾಯ್ಲೆಂಡಿನವರದು ದೊಡ್ಡ ಹೆಸರು. ಬ್ಯಾಂಕಾಕಿನ ವಾಟ್ ಫೋ ದೇವಾಲಯದಲ್ಲಿ 19ನೇ ಶತಮಾನದಲ್ಲಿ, ದೊರೆ ಮೂರನೇ ರಾಮನ ಆಳ್ವಿಕೆಯಲ್ಲಿ, ಒತ್ತುವ ಬಿಂದುಗಳನ್ನು ತೋರಿಸುವ ಚಿತ್ರಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಇಡಲಾಯಿತು. 1955ರಲ್ಲಿ ಅಲ್ಲಿ ಸಾಂಪ್ರದಾಯಿಕ ವೈದ್ಯದ ಶಾಲೆ ಆರಂಭವಾಯಿತು. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತಮ್ಮ ವಿದ್ಯೆಯ ಆದಿಗುರು ಎಂದು ಅವರು ನೆನೆಯುವುದು ಬುದ್ಧನ ವೈದ್ಯನಾಗಿದ್ದ ರಾಜಗೃಹದ ಜೀವಕನನ್ನು. ಅಲ್ಲಿ ಎಣ್ಣೆ ಇಲ್ಲ, ಬಟ್ಟೆ ತೊಟ್ಟೇ ನೆಲದ ಹಾಸಿನ ಮೇಲೆ ಮಲಗುತ್ತಾರೆ, ಮಾಡುವವರು ತೋಳಿನ ಬಲ ಬಳಸದೆ ತಮ್ಮ ಮೈಭಾರವನ್ನು ವಾಲಿಸುತ್ತಾರೆ. ಇದರಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ. ವಾಲುವವರು ಬೇಗ ದಣಿಯುವುದಿಲ್ಲ, ದಣಿಯದ ಕೈ ಎದುರಿನ ದೇಹದ ಪ್ರತಿರೋಧವನ್ನು ಚೆನ್ನಾಗಿ ಗ್ರಹಿಸುತ್ತದೆ. ಎಣ್ಣೆ ಹಚ್ಚಿ ಉಜ್ಜುವ ನಮ್ಮ ಪದ್ಧತಿಯಲ್ಲಿ ಕೈ ಜಾರುತ್ತದೆ, ಜಾರದಿರಲೆಂದು ಬೆರಳು ಬಿಗಿಯುತ್ತೇವೆ, ಬಿಗಿದ ಬೆರಳು ಚರ್ಮಕ್ಕೆ ಚುಚ್ಚುತ್ತದೆ. ಆದ್ದರಿಂದ ಎಣ್ಣೆ ಮಾಲೀಸಿನ ಕೊನೆಯಲ್ಲಿ ಹಿಗ್ಗಿಸುವುದಿದ್ದರೆ ಹಿಡಿಯುವ ಜಾಗದ ಎಣ್ಣೆಯನ್ನು ಒರೆಸಿ, ಟವೆಲ್ ಸುತ್ತಿ ಹಿಡಿಯಿರಿ. ಥಾಯ್ ವಿದ್ಯೆಯ ಹೆಸರಿನಲ್ಲಿ ನಗರಗಳ ಕೆಲವು ಸ್ಪಾಗಳಲ್ಲಿ ನಡೆಯುವುದರ ಬಗ್ಗೆ ನನ್ನ ತಕರಾರು ಬೇರೆ. ಕಂಠಪಾಠ ಮಾಡಿದ ಸರಣಿಯೊಂದನ್ನು, ಬೆನ್ನು ತಿರುಚುವುದೂ ಸೇರಿದಂತೆ, ಬಂದವರೆಲ್ಲರ ಮೇಲೆ ಒಂದೇ ಸಮನೆ ನಡೆಸಿಬಿಡುತ್ತಾರೆ. ಇಪ್ಪತ್ತೈದರ ನರ್ತಕಿಗೂ ಎಪ್ಪತ್ತರ ಅಜ್ಜಿಗೂ ಒಂದೇ ತಿರುಚು.

ನಮ್ಮಲ್ಲಿ ಈ ವಿದ್ಯೆ ಇರಲಿಲ್ಲವೆಂದಲ್ಲ. ಬಾಣಂತನದ ಮನೆಯಲ್ಲಿ ಅಜ್ಜಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಎಡಗೈಯನ್ನು ಬಲಕ್ಕೆ ಬಲಗಾಲನ್ನು ಎಡಕ್ಕೆ ಅಡ್ಡ ತಂದು ಬಿಡುತ್ತಾಳಲ್ಲ, ಅದೂ ಇದೇ ಜಾತಿಯದು. ಅನುಭವವಿರುವ ಅಜ್ಜಿಯ ಕಣ್ಣು ಮಗುವಿನ ಮುಖದ ಮೇಲೇ ಇರುತ್ತದೆ, ಮುಖ ಸಿಂಡರಿಸಿದರೆ ಕೈ ಸಡಿಲಿಸುತ್ತಾಳೆ. ಗರಡಿಮನೆಗಳಲ್ಲಿ ಪೈಲ್ವಾನರು ಒಬ್ಬರಿಗೊಬ್ಬರು ಮೈ ತಿಕ್ಕಿ ಕೈಕಾಲು ಎಳೆಯುವುದೂ ಉಂಟು.

ಆದರೆ ನಮ್ಮ ಊರುಗಳಲ್ಲಿ ನಡೆಯುವ ಒಂದು ಪದ್ಧತಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಮಗು ಮರದಿಂದಲೋ ಸೈಕಲ್ಲಿನಿಂದಲೋ ಬಿದ್ದು ಮೊಣಕೈಗೆ ಪೆಟ್ಟಾಗುತ್ತದೆ. ನಾಟಿ ಕಟ್ಟು ಕಟ್ಟಿಸುತ್ತಾರೆ, ಅಥವಾ ಆಸ್ಪತ್ರೆಯಲ್ಲೇ ಪ್ಲಾಸ್ಟರ್ ಹಾಕಿಸುತ್ತಾರೆ. ಬಿಚ್ಚಿದಾಗ ಮೊಣಕೈ ಮರಗಟ್ಟಿರುತ್ತದೆ, ಪೂರ್ತಿ ಚಾಚುವುದಿಲ್ಲ, ಪೂರ್ತಿ ಮಡಚುವುದಿಲ್ಲ. ಇದು ನಿರೀಕ್ಷಿತವೇ, ಮಕ್ಕಳಲ್ಲಿ ಬಹುಪಾಲು ತಾನಾಗಿ ಆಡುತ್ತಾ ಆಡುತ್ತಾ ಸರಿಹೋಗುತ್ತದೆ. ಆದರೆ ಮನೆಯವರಿಗೆ ತಾಳ್ಮೆ ಇರುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ತಿಕ್ಕಿದವರು ಕೈಯನ್ನು ಎಳೆದು ನೇರ ಮಾಡಲು ನೋಡುತ್ತಾರೆ, ಮಗು ಚೀರುತ್ತದೆ, ‘ಅಳಲಿ ಬಿಡಿ, ಸರಿಹೋಗುತ್ತೆ’ ಎನ್ನುತ್ತಾರೆ. ಮೊಣಕೈಯ ಮುಂದೆ ಬ್ರೇಕಿಯಾಲಿಸ್ ಎಂಬ ಸ್ನಾಯು ಮೂಳೆಗೆ ಅಂಟಿಕೊಂಡೇ ಹಾದುಹೋಗುತ್ತದೆ. ಪೆಟ್ಟಿನಿಂದ ಅಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಅದನ್ನು ಮೇಲಿಂದ ಮೇಲೆ ತಿಕ್ಕಿ ಎಳೆದು ಗಾಯ ಮಾಡಿದರೆ ಆ ಸ್ನಾಯುವಿನೊಳಗೇ ಮೂಳೆ ಬೆಳೆಯತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಮೋಡದಂತೆ ಕಾಣಿಸುವ ಇದಕ್ಕೆ ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಪೆಟ್ಟಿನ ನಂತರದ ಮಾಲೀಸೇ ಇದಕ್ಕೆ ಮುಖ್ಯ ಕಾರಣ ಎಂದು ನಮ್ಮ ದೇಶದ ಮೂಳೆ ವೈದ್ಯಶಾಸ್ತ್ರದ ಪಠ್ಯಗಳು ಎಚ್ಚರಿಸುತ್ತವೆ. ತಾತ್ಕಾಲಿಕವಾಗಿದ್ದ ಬಿಗಿತ ಆಗ ಶಾಶ್ವತವಾಗಬಹುದು. ಆದ್ದರಿಂದ ಪೆಟ್ಟಾದ ಮೊಣಕೈಗೆ ಮಾಲೀಸು ಬೇಡ, ಇನ್ನೊಬ್ಬರು ಎಳೆಯುವುದು ಬೇಡ. ಮಗು ತಾನೇ ಎಷ್ಟು ಆಡಿಸುತ್ತದೋ ಅಷ್ಟೇ. ಶಾಲೆಯ ಚೀಲ ಹಿಡಿಸಿ ಕೈ ನೇರ ಮಾಡಿಸುವ ಉಪಾಯವೂ ಬೇಡ. ಈ ಒಂದು ಮಾತನ್ನು ನೀವು ನಿಮ್ಮ ಊರಿಗೆ ಒಯ್ದರೂ ನಾನು ಇಲ್ಲಿಗೆ ಬಂದದ್ದು ಸಾರ್ಥಕ.

ಭುಜದ ವಿಚಾರವೂ ಇದಕ್ಕೆ ಹತ್ತಿರವಾದದ್ದು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಭುಜ ಜಾಮ್ ಆಗುವುದು ಸಾಮಾನ್ಯ. ರವಿಕೆಯ ಹಿಂದಿನ ಕೊಕ್ಕೆ ಹಾಕಲಾಗುವುದಿಲ್ಲ, ಹಿಂಬದಿಯ ಜೇಬಿನಿಂದ ಪರ್ಸ್ ತೆಗೆಯಲಾಗುವುದಿಲ್ಲ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಇದಕ್ಕೆ ನೋವಿನ ಹಂತ, ಬಿಗಿದ ಹಂತ, ಸಡಿಲಗೊಳ್ಳುವ ಹಂತ ಎಂದು ಮೂರಿವೆ. ಮೊದಲ ಹಂತದಲ್ಲಿ ಕೀಲಿನ ಸುತ್ತಲಿನ ಚೀಲ ಉರಿಯುತ್ತಿರುತ್ತದೆ. ಆಗ ಬಲವಾಗಿ ಎತ್ತಿಸಿದರೆ ಉರಿಯುವುದಕ್ಕೆ ತುಪ್ಪ ಸುರಿದಂತೆ. ನೆದರ್ಲೆಂಡ್ಸ್‌ನಲ್ಲಿ 77 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಗಡಿ ದಾಟದೆ ತಮ್ಮಷ್ಟಕ್ಕೆ ಆಡಿಸಿಕೊಂಡವರಲ್ಲಿ ಶೇ. 89 ಮಂದಿಯ ಭುಜ ಬಹುತೇಕ ಸಹಜಕ್ಕೆ ಮರಳಿತ್ತು. ನೋವಿನಾಚೆಗೂ ಎಳೆದು ತೀವ್ರ ಚಿಕಿತ್ಸೆ ಕೊಡಿಸಿಕೊಂಡವರಲ್ಲಿ ಶೇ. 63. ಬಿಗಿತ ಉಳಿದು ನೋವು ತಗ್ಗಿದ ಮೇಲೆ ಹಿಗ್ಗಿಸುವುದಕ್ಕೆ ಜಾಗವಿದೆ, ಆಗಲೂ ಅವರ ಉಸಿರನ್ನು ನೋಡಿಕೊಂಡು.

ಲಕ್ವ ಹೊಡೆದ ಭುಜ ಇನ್ನೂ ನಾಜೂಕು. ಬಾಗಿಲ ಮೇಲೆ ರಾಟೆ ಕಟ್ಟಿ, ಸರಿಯಿರುವ ಕೈಯಿಂದ ಹಗ್ಗ ಎಳೆದು ಸೋತ ಕೈಯನ್ನು ಮೇಲೆತ್ತಿಸುವುದು ನಮ್ಮ ಅನೇಕ ಮನೆಗಳಲ್ಲಿದೆ. 1990ರಲ್ಲಿ ಪ್ರಕಟವಾದ ಸಣ್ಣದಾದರೂ ಬಹಳ ಉಲ್ಲೇಖಗೊಂಡ ಅಧ್ಯಯನವೊಂದರಲ್ಲಿ, ರಾಟೆ ಬಳಸಿದವರಲ್ಲಿ ಶೇ. 62 ಮಂದಿಗೆ ಭುಜನೋವು ಬಂತು. ಥೆರಪಿಸ್ಟ್ ಕೈಯಿಂದ ಆಡಿಸಿದವರಲ್ಲಿ ಅದು ಶೇ. 8. ಕಾರಣ ಸರಳ. ಕೈ ಮೇಲೇರುವಾಗ ಬೆನ್ನಿನ ಹೆಗಲ ಮೂಳೆಯೂ ತಿರುಗಬೇಕು, ತೋಳಿನ ಮೂಳೆ ಹೊರಕ್ಕೆ ಹೊರಳಬೇಕು. ಹಗ್ಗಕ್ಕೆ ಇದು ತಿಳಿಯುವುದಿಲ್ಲ. ಮನೆಯಲ್ಲಿ ಮಾಡುವವರು ಒಂದು ಕೈಯನ್ನು ಅವರ ಹೆಗಲ ಮೂಳೆಯ ಕೆಳಗೆ ಇಟ್ಟು, ಇನ್ನೊಂದರಿಂದ ಮೊಣಕೈಯ ಹತ್ತಿರ ಹಿಡಿದು, ಅಂಗೈ ಮೇಲ್ಮುಖವಾಗುವಂತೆ ಹೊರಳಿಸಿ, ಭುಜದ ಮಟ್ಟದವರೆಗೆ ಮಾತ್ರ ಎತ್ತಿ. ಎಬ್ಬಿಸಿ ಕೂರಿಸುವಾಗ ಆ ಕೈ ಹಿಡಿದು ಎಳೆಯಲೇಬೇಡಿ.

ಯಾರನ್ನು ಮುಟ್ಟಬಾರದು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತನಾಳದೊಳಗಿನ ಹೆಪ್ಪು ಇರಬಹುದು, ಮಾಲೀಸೂ ಬೇಡ ಎಳೆತವೂ ಬೇಡ, ಅದೇ ದಿನ ಆಸ್ಪತ್ರೆಗೆ ಕಳಿಸಿ. ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡವರ, ಮೂಳೆ ಸವೆದ ಹಿರಿಯರ ಮೇಲೆ ಮೈಭಾರ ಹಾಕಬೇಡಿ. ಬೆರಳು ಹಿಂದಕ್ಕೆ ಬಾಗಿ ಮುಂಗೈ ಮುಟ್ಟುವಷ್ಟು ಸಡಿಲ ಕೀಲುಗಳಿರುವವರು ‘ಬಿಗಿಯಾಗಿದೆ, ಎಳೆಯಿರಿ’ ಎಂದರೂ ಅವರಿಗೆ ಬೇಕಾದದ್ದು ಬಲ ತುಂಬುವ ವ್ಯಾಯಾಮ. ಇನ್ನು ಕುತ್ತಿಗೆ. ಕ್ಷೌರದಂಗಡಿಯಲ್ಲಿ ತಲೆ ಮಾಲೀಸು ಮುಗಿಸಿ, ಗದ್ದ ಹಿಡಿದು ‘ಟಕ್’ ಎನಿಸುವುದು ಅನೇಕರಿಗೆ ಬಹಳ ಇಷ್ಟ ಎಂದು ಗೊತ್ತಿದೆ, ನೀವು ನಗುತ್ತಿರುವುದರಿಂದಲೂ ಗೊತ್ತಾಗುತ್ತದೆ. ಅದು ಹಿಗ್ಗಿಸುವುದೇ ಅಲ್ಲ, ಬಿಡಿಸಿಕೊಳ್ಳಲು ಅವಕಾಶವೇ ಇಲ್ಲದ ಝಟಕಾ. ಹೀಗೆ ಕುತ್ತಿಗೆ ತಿರುಚಿದ ಮೇಲೆ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಲಕ್ವ ಹೊಡೆದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಅಪರೂಪ, ನಿಜ. ಆದರೆ ‘ಸಾಕು’ ಎನ್ನುವುದಕ್ಕೆ ಸಮಯವೇ ಸಿಗದ ಯಾವ ಚಲನೆಯನ್ನೂ ನಾನು ಈ ವಿದ್ಯೆಯ ಒಳಗೆ ಸೇರಿಸುವುದಿಲ್ಲ.

ಹಿಗ್ಗಿಸಿ ಮುಗಿದ ಕೂಡಲೇ ಜನರನ್ನು ಎಬ್ಬಿಸಿ ಕಳಿಸಿಬಿಡುವ ಅಭ್ಯಾಸವೊಂದಿದೆ, ಅದನ್ನು ಬಿಡಿ. ಹೊಸದಾಗಿ ಸಿಕ್ಕ ಚಲನೆಯನ್ನು ಅವರು ತಮ್ಮದೇ ಬಲದಿಂದ ಎಂಟು ಹತ್ತು ಸಲ ಮಾಡಲಿ. ಕಾಲನ್ನು ತಾವೇ ಎತ್ತಿ ಇಳಿಸಲಿ, ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಲಿ, ಕುರ್ಚಿಯಿಂದ ಎದ್ದು ಕೂರಲಿ. ಬಳಸದ ಚಲನೆ ಸಂಜೆಯೊಳಗೆ ಹಿಂದಕ್ಕೆ ಹೋಗುತ್ತದೆ. ಮುಂದಿನ ಸಲ ಬಂದಾಗ ಮಂಚಕ್ಕೆ ಹತ್ತಿಸುವ ಮೊದಲೇ, ಹಿಂದಿನ ಸಲದ ಮರುದಿನ ಬೆಳಿಗ್ಗೆ ಹೇಗಿತ್ತು ಎಂದು ಕೇಳಿ. ಹಾಯಾಗಿತ್ತು ಅಥವಾ ಒಂದಿಷ್ಟು ಮೈ ಭಾರವಾಗಿತ್ತು ಎಂದರೆ ಅಷ್ಟನ್ನೇ ಮುಂದುವರಿಸಿ. ಇಡೀ ದಿನ ನೋವಿತ್ತು, ನಿದ್ದೆ ಕೆಟ್ಟಿತು, ಜುಮ್ಮೆನ್ನುತ್ತಿತ್ತು ಎಂದರೆ ಈ ಸಲ ಅರ್ಧಕ್ಕೆ ಇಳಿಸಿ. ಎರಡನೆಯ ಸಲವೂ ಅದೇ ಉತ್ತರ ಬಂದರೆ ಹಿಗ್ಗಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಲು ಹೇಳಿ.